ಕಮ್ಮಾರನ ಪಾಲು

(ಮಾತಾಡುವವರು ಇಬ್ಬರು. ಅಜ್ಜ ಕಮಲಾಪುರದ ಕಲ್ಲುಕೆಲಸದವರು. ಗುಡಿಗೆ ಮೂರ್ತಿ, ಮನೆಗೆ ಹೊಸ್ತಿಲು, ಅಡಿಗೆಮನೆಗೆ ಒರಳು, ಎಲ್ಲವನ್ನೂ ಮಾಡಿದ ಕೈ. ಇನ್ನೊಬ್ಬಳು ಅದೇ ಊರಿನ ಹುಡುಗಿ, ಹಂಪಿಯಲ್ಲಿ ಗೈಡ್. ಜಾಗ ಅಜ್ಜನ ತಗಡಿನ ಶೆಡ್ಡು.)

ಅಜ್ಜ: ಬಂಡೆ ಮುಂದೆ ಜನ ನಿಲ್ಲಿಸಿ ನೀನು ಹೇಳೋ ಮರದ ಬೆಣೆ ಕಥೆ ನನ್ನ ಕಿವಿಗೂ ಬಿದ್ದೈತಿ ತಂಗೆವ್ವಾ. ಒಣ ಕಟ್ಟಿಗೆ ಬಡಿದ್ರಂತೆ, ನೀರು ಸುರಿದ್ರಂತೆ, ಕಟ್ಟಿಗೆ ಉಬ್ಬಿ ಬಂಡೆ ಎರಡು ಹೋಳಾಯ್ತಂತೆ.

ಗೈಡ್: ಎಲ್ಲರೂ ಹೇಳೋದು ಅದನ್ನೇ ಅಜ್ಜಾರೇ, ಪುಸ್ತಕದಲ್ಲೂ ಇದೆ. ಹೇಮಕೂಟದಿಂದ ವಿಠ್ಠಲ ದೇವಸ್ಥಾನದವರೆಗೆ ಎಲ್ಲಿ ನೋಡಿದರೂ ಬಂಡೆ ಮೇಲೆ ಹೊಲಿಗೆ ಹಾಕಿದ ಹಾಗೆ ಸಾಲು ಗುಳಿ. ಸೀಳಿದ ಕಲ್ಲಿನ ಅಂಚಲ್ಲೂ ಅರ್ಧರ್ಧ ಗುಳಿ ಉಳಿದಿರುತ್ತೆ. ಇನ್ನು ಹೆಂಗೆ ಸೀಳಿದರು ಅಂತೀರಿ?

ಅಜ್ಜ: ಗುಳಿ ಖರೆ. ಬೆಣೆ ಮಾತ್ರ ಕಬ್ಬಿಣದ್ದು ಅಂತ ನನ್ನ ವಾದ. ಆ ಗುಳಿಯೊಳಗೆ ಬೆರಳಿಟ್ಟು ನೋಡು, ಆಳ ಎಷ್ಟು? ಅಷ್ಟರೊಳಗಿನ ಕಟ್ಟಿಗೆ ಚಕ್ಕೆ ನೀರು ಕುಡಿದ್ರೆ ಮೇಲಕ್ಕೆ ಎದ್ದು ಹೊರಗೆ ಬರ್ತೈತಿ, ಕಲ್ಲು ಯಾಕೆ ಒಡಿತೈತಿ? ಮೊದಲೇ ಬಿರುಕು ಬಿಟ್ಟ ಬಂಡೆಗೆ ಮರದ ಗೂಟ ಇಟ್ಟು ನೀರು ಹಾಕಿದ್ರು ಅನ್ನು, ನಾನು ಜಗಳಕ್ಕೆ ಬರಲ್ಲ. ಗಟ್ಟಿ ಬಂಡೆ ಸೀಳೋದು ಕಬ್ಬಿಣ. ಕೆಮ್ಮಣ್ಣಿನ ದಾರ ಬಿಗಿದು ಗೀಟು ಹೊಡಿ. ಗೀಟಿನ ಮೇಲೆ ಗುಳಿ ತೋಡು. ಒಂದೊಂದರಲ್ಲೂ ಬೆಣೆ ಇಡು. ಆಮೇಲೆ ಸಮ್ಮಟಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು. ಒಂದೇ ಬೆಣೆ ಮೇಲೆ ಸಿಟ್ಟು ತೀರಿಸ್ಕೊಂಡ್ರೆ ಕಲ್ಲು ಅಡ್ಡದಾರಿ ಹಿಡಿತೈತಿ. ಎಲ್ಲಕ್ಕೂ ಸಮ ಬೀಳಬೇಕು. ಸುತ್ತು ಸುತ್ತು ಹೊಡಿತಾ ಹೋದಂಗೆ ದನಿ ಏರ್ತೈತಿ. ಒಂದು ಹೊತ್ತಿಗೆ ಟಣ್ ಅಂತಿದ್ದದ್ದು ಮಂದ ಆಗ್ತೈತಿ. ಆಗ ಕೈ ನಿಲ್ಲಿಸಿ ಬೀಡಿ ಹಚ್ಚಬೇಕು. ಉಳಿದದ್ದು ಕಲ್ಲೇ ಮಾಡ್ಕೊಂತೈತಿ.

ಗೈಡ್: ಮರ, ನೀರು ಅಂದರೆ ಜನ ಬೆರಗಾಗ್ತಾರೆ. ಕಬ್ಬಿಣ ಅಂದರೆ ಯಾರೂ ಫೋಟೋ ಕೂಡ ತೆಗೆಯಲ್ಲ.

ಅಜ್ಜ: ಅದೇ ನನ್ನ ತಕರಾರು. ಹಂಪಿಗೆ ಬಂದವರೆಲ್ಲ ಕಲ್ಲು ನೋಡ್ತಾರೆ, ಕಬ್ಬಿಣ ಯಾರು ನೋಡ್ತಾರೆ? ಈ ಕಡೆ ಇಷ್ಟು ಬಂಡೆ, ಬಗಲಲ್ಲೇ ಸಂಡೂರಿನ ಅದಿರಿನ ಗುಡ್ಡ. ಶಿಲ್ಪಿ, ಶಿಲ್ಪಿ ಅಂತ ಹಾಡಿ ಹೊಗಳ್ತೀರಿ. ಅವನ ಹಿಂದೆ ಕುಲುಮೆ ಮುಂದೆ ಕೂತಿದ್ದ ಕಮ್ಮಾರನ ಹೆಸರು ಒಬ್ಬರೂ ಎತ್ತಲ್ಲ.

ಗೈಡ್: ಅದಿರಲಿ, ನನಗೆ ದಿನಾ ಬರೋ ಇನ್ನೊಂದು ಪ್ರಶ್ನೆ ಕೇಳಿ. ಬೇಲೂರು, ಹಳೇಬೀಡು ಮುಗಿಸಿ ಇಲ್ಲಿಗೆ ಬಂದವರು ಮುಖ ಸಣ್ಣದು ಮಾಡ್ತಾರೆ. ಅಲ್ಲಿ ಮದನಿಕೆಯ ಬಳೆ ಬೇರೆ, ಕೈ ಬೇರೆ ಅನ್ನೋ ಹಾಗೆ ಕೊರೆದಿದ್ದಾರೆ, ಇಲ್ಲಿ ಎಲ್ಲಾ ಒರಟು ಒರಟು, ನಾನೂರು ವರ್ಷದಲ್ಲಿ ಕೈ ಕೆಟ್ಟಿತಾ ಅಂತ. ಬೇಲೂರಿನ ಗುಡಿ 1117ರದ್ದು, ಸೋಮನಾಥಪುರದ್ದು ಹದಿಮೂರನೇ ಶತಮಾನದ್ದು, ಇಲ್ಲಿನ ದೊಡ್ಡ ಕೆಲಸ ಬಹಳಷ್ಟು ಕೃಷ್ಣದೇವರಾಯನ ಕಾಲದ್ದು. ಕೆಲವು ಪಂಡಿತರೂ ಹಾಗೇ ಬರೆದಿದ್ದಾರೆ.

ಅಜ್ಜ: ಪಂಡಿತರ ಕೈಗೆ ಒಂದು ದಿನ ಉಳಿ ಕೊಡಬೇಕಿತ್ತು. ಬೇಲೂರಿನದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲು ತಗುಲಿ ವರ್ಷ ಕಳೆದಂಗೆ ಗಟ್ಟಿ. ಅದನ್ನ ಹೆರೀಬಹುದು, ಕೆರೀಬಹುದು, ಮರ ಕೊರೆದಂಗೆ ಒಳಗೆ ಹೊಕ್ಕು ಕೊರೀಬಹುದು. ಇಲ್ಲಿನ ಕಲ್ಲಿಗೆ ಅದು ಯಾವುದೂ ನಡೆಯಲ್ಲ. ಈ ಕಲ್ಲು ಕೆತ್ತೋದೇ ಅಲ್ಲ, ಜಜ್ಜೋದು.

ಗೈಡ್: ಜಜ್ಜೋದು ಅಂದರೆ?

ಅಜ್ಜ: ಇಲ್ಲಿ ಬಾ, ಈ ಚೂರು ನೋಡು. ಬಿಳಿ ಕಾಳು, ಕೆಂಪು ಕಾಳು, ನಡುವೆ ಮಿಂಚೋ ಕರಿ ಚಕ್ಕೆ. ಕಾಳು ಕಾಳು ಸೇರಿ ಆದ ಕಲ್ಲಿದು. ಉಳಿನ ಓರೆ ಹಿಡಿದು ಹೆರೆಯೋಕೆ ಹೋದ್ರೆ ಜಾರ್ತೈತಿ, ಇಲ್ಲ ಬೇಡದ ಕಡೆ ಚಕ್ಕೆ ಹಾರ್ತೈತಿ. ಅದಕ್ಕೆ ಮೊನೆ ಉಳಿನ ಹೆಚ್ಚು ಕಮ್ಮಿ ನೆಟ್ಟಗೆ ನಿಲ್ಲಿಸಿ ಹೊಡಿಬೇಕು. ಒಂದೊಂದು ಏಟಿಗೂ ಮೊನೆ ಕೆಳಗಿನ ಕಾಳು ಪುಡಿ ಆಗ್ತೈತಿ. ಪುಡಿ ಊದು, ಮತ್ತೆ ಹೊಡಿ. ದಿನವೆಲ್ಲಾ ಕೂತ್ರೆ ಅಂಗೈಯಗಲ ಜಾಗ ಒಂದು ಬೆರಳು ಇಳಿದ್ರೆ ಪುಣ್ಯ.

ಗೈಡ್: ಕಾಲೇಜಿನಲ್ಲಿ ಗಡಸುತನದ ಅಳತೆ ಓದಿದ್ದು ಈಗ ನೆನಪಾಗ್ತಿದೆ. ಒಂದರಿಂದ ಹತ್ತರವರೆಗೆ. ಬಳಪದ ಕಲ್ಲಿನ ಮುಖ್ಯ ಖನಿಜಕ್ಕೆ 1. ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ 6, ಬೆಣಚು 7. ಹದ ಮಾಡಿದ ಉಕ್ಕು ಆರೂವರೆ ಆಸುಪಾಸು. ಅಂದರೆ ಉಳಿಗಿಂತ ಕಲ್ಲೇ ಒಂದು ಕೈ ಮೇಲು! ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಅಂತಾರೆ ಭೂವಿಜ್ಞಾನಿಗಳು. ಕ್ಲೋಸ್‌ಪೇಟೆ ಗ್ರಾನೈಟು ಅಂತ ಹೆಸರು. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರ. ಅಲ್ಲಿನ ಬೆಟ್ಟಕ್ಕೂ ಇಲ್ಲಿನ ಗುಡ್ಡಕ್ಕೂ ನಂಟು.

ಅಜ್ಜ: ವಯಸ್ಸು ನನಗೆ ಗೊತ್ತಾಗಲ್ಲ, ಹಟ ಗೊತ್ತಾಗ್ತೈತಿ. ಕಲ್ಲೇ ಮೇಲು ಅಂದೆಯಲ್ಲ, ಅದೇ ಮಾತು. ಒಂದು ಮೊನೆ ಹತ್ತು ನಿಮಿಷ, ಬಾಳ ಅಂದ್ರೆ ಹದಿನೈದು ನಿಮಿಷ ಚೂಪು ಇರ್ತೈತಿ. ಆಮೇಲೆ ಮೊಂಡು. ಮೊಂಡು ಉಳಿಲಿ ಹೊಡೆದ್ರೆ ಕೈಗೆ ಜುಮ್ಮು ಹಿಡಿತೈತಿ, ಕಲ್ಲು ನಗ್ತೈತಿ. ಅದಕ್ಕೆ ಕೆತ್ತೋನ ಪಕ್ಕ ಒಂದು ಕಟ್ಟು ಉಳಿ. ಒಂದು ಮೊಂಡಾತು, ಎಸಿ, ಇನ್ನೊಂದು ತಗೋ. ಮಧ್ಯಾಹ್ನಕ್ಕೆ ಕಟ್ಟೆಲ್ಲಾ ಕುಲುಮೆಗೆ. ಈಗ ಲೆಕ್ಕ ಹಾಕು. ಹಜಾರ ರಾಮನ ಗುಡಿ ಹೊರಗೋಡೆ ತುಂಬ ರಾಮಾಯಣ ಕೆತ್ತಿದಾರಲ್ಲ, ಅಲ್ಲಿ ಎಷ್ಟು ಜನ ಕೂತಿದ್ರೋ, ಅವರಿಗೆ ಉಳಿ ಕಾಯಿಸಿ ಕೊಡೋಕೆ ಎಷ್ಟು ಕುಲುಮೆ ಉರಿದಾವೋ, ಎಷ್ಟು ಗಾಡಿ ಇದ್ದಿಲು ಬಂದೈತೋ.

ಗೈಡ್: ಕುಲುಮೆಯಲ್ಲಿ ಏನು ಮಾಡ್ತಾರೆ, ಬರೀ ಚೂಪು ತಾನೆ?

ಅಜ್ಜ: ಚೂಪು ಯಾರು ಬೇಕಾದ್ರೂ ಮಾಡ್ತಾರೆ. ಹದ ಬೇರೆ. ನಮ್ಮಪ್ಪ ನನ್ನ ಕೈಗೆ ಸುತ್ತಿಗೆ ಕೊಡೋಕೆ ಮೊದಲು ತಿದಿ ಮುಂದೆ ಕೂಡಿಸಿದ. ಇದ್ದಿಲು ಕೆಂಡ ಆದ ಮೇಲೆ ಉಳಿ ತುದಿ ಒಳಗಿಡಬೇಕು. ಚೆರ್ರಿ ಹಣ್ಣು ಅಂತೀರಲ್ಲ ಈಗ, ಆ ಬಣ್ಣಕ್ಕೆ ಬಂದಾಗ ತೆಗೆದು ಅಡಿಗಲ್ಲಿನ ಮೇಲೆ ಬಡಿದು ಮೊನೆ ಎಳೀಬೇಕು. ಬೆಳ್ಳಗೆ ಕಾದ್ರೆ ಉಕ್ಕಿನ ಸತ್ವ ಹೋತು ಅಂತ ತಿಳಿ. ಮತ್ತೆ ಕಾಯಿಸಿ ತುದಿ ಅಷ್ಟೇ, ಒಂದು ಬೆರಳಷ್ಟು, ನೀರಿಗೆ ಅದ್ದಿ ತೆಗಿ. ಪೂರ್ತಿ ಮುಳುಗಿಸಂಗಿಲ್ಲ. ತೆಗೆದ ತಕ್ಷಣ ಕಲ್ಲಿಗೆ ಉಜ್ಜಿ ಕಪ್ಪು ಬಿಡಿಸಿ ಬೆಳ್ಳಿ ಮೈ ಕಾಣಂಗೆ ಮಾಡಿ ನೋಡ್ತಾ ಇರ್ಬೇಕು. ಹಿಂದೆ ಉಳಿದ ಕಾವು ತುದಿ ಕಡೆಗೆ ಹರಿದು ಬರ್ತಿರ್ತೈತಿ. ಅದರ ಮುಂದೆ ಮುಂದೆ ಬಣ್ಣ ಓಡ್ತಾವೆ. ಮೊದಲು ತಿಳಿ ಹಳದಿ, ಒಣಹುಲ್ಲಿನಂಗೆ. ಅದರ ಬೆನ್ನಿಗೆ ಕಂದು, ನೇರಳೆ, ಕಡೆಗೆ ನೀಲಿ. ಆ ಹಳದಿ ಮೊನೆಗೆ ಮುಟ್ಟಿದ ಗಳಿಗೆಗೆ ಮತ್ತೆ ನೀರಿಗೆ ಹಾಕಿದ್ರೆ ಉಳಿ ನಮ್ಮ ಕಲ್ಲಿಗೆ ಸರಿ. ಹಳದಿ ಬರೋಕೆ ಮೊದಲೇ ಅದ್ದಿದ್ರೆ ಮೊನೆ ಗಾಜಿನಂಗೆ ಮುರಿದು ಕಣ್ಣಿಗೆ ಹಾರ್ತೈತಿ. ನೀಲಿವರೆಗೂ ಬಿಟ್ರೆ ಮೆತ್ತಗಾಗಿ ಮೊದಲ ಏಟಿಗೇ ಮಡಚ್ತೈತಿ. ಉಸಿರು ತಗೊಂಡು ಬಿಡೋ ಹೊತ್ತು, ಅಷ್ಟೇ ಸಮಯ. ಇನ್ನು ಕಾಯಿಸುವಾಗಿನ ಆ ಕೆಂಪು ಬಿಸಿಲಲ್ಲಿ ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಕುಲುಮೆ ಯಾವಾಗಲೂ ಕತ್ತಲ ಮೂಲೆಲಿ.

ಗೈಡ್: ಹಾಗಾದರೆ ಬೇಲೂರಿನ ಕೈ, ಹಂಪಿಯ ಕೈ ಅಂತ ಹೋಲಿಸೋದೇ ತಪ್ಪು ಅಂತೀರಿ.

ಅಜ್ಜ: ಹೋಲಿಸು, ಕಲ್ಲನ್ನೂ ಜೊತೆಗಿಟ್ಟು ಹೋಲಿಸು. ಇಲ್ಲಿನೋನು ಜಿಪುಣ. ಒಂದೊಂದು ಏಟನ್ನೂ ಎಣಿಸಿ ಖರ್ಚು ಮಾಡಿದಾನೆ. ಹಜಾರ ರಾಮನ ಗೋಡೆ ಮೇಲೆ ಆನೆ, ಕುದುರೆ, ಒಂಟೆ, ಕುಣಿಯೋ ಹೆಂಗಸರು, ಎಲ್ಲಾ ತೆಳುವಾಗಿ ಎದ್ದಾವೆ. ಹಿಂದಿನ ನೆಲ ಒಂದು ಬೆರಳು ಇಳಿಸಿದ್ರೆ ಸಾಕು, ಆಕಾರ ಕಾಣ್ತೈತಿ, ನೆರಳು ಬೀಳ್ತೈತಿ. ಇನ್ನೊಂದು ಬೆರಳು ಇಳಿಸು ಅಂದ್ರೆ ಕೆಲಸ ಎರಡರಷ್ಟು. ಅದೇ ಗುಡಿಯೊಳಗೆ ಹೋಗು, ರಂಗಮಂಟಪದಲ್ಲಿ ಕರಿಕಲ್ಲಿನ ನಾಲ್ಕು ಕಂಬ. ಅಲ್ಲಿ ನೋಡು ಅದೇ ಜನ ಏನು ಮಾಡಿದಾರೆ ಅಂತ! ಕನ್ನಡಿ ಹಂಗೆ ಮೈ, ಉಗುರು ಹೊಗದಷ್ಟು ಸಣ್ಣ ಕೆಲಸ. ಕಲ್ಲು ಬದಲಾತು, ಕೈ ಬದಲಾತು. ಕೈ ಕೆಟ್ಟಿತ್ತು ಅನ್ನೋರಿಗೆ ಗೋಡೆ ತೋರಿಸಿ ಒಳಗೆ ಕರ್ಕೊಂಡು ಹೋಗಿ ಆ ಕಂಬ ತೋರಿಸು. ಹತ್ತು ಹೆಜ್ಜೆ ಅಂತರ.

ಗೈಡ್: ಇದು ಒಳ್ಳೇದು, ನಾಳೆಯಿಂದಲೇ ತೋರಿಸ್ತೀನಿ. ಮಹಾನವಮಿ ದಿಬ್ಬದಲ್ಲೂ ಹಾಗೇ ಇದೆ, ಗ್ರಾನೈಟಿನ ಕೆತ್ತನೆ ಒಂದು ಕಡೆ, ಆಮೇಲೆ ಹೊದಿಸಿದ ಹಸಿರುಛಾಯೆಯ ಕಲ್ಲು ಇನ್ನೊಂದು ಕಡೆ. ಆದರೆ ಗ್ರಾನೈಟಿನಲ್ಲಿ ಸಣ್ಣ ಕೆಲಸ ಸಾಧ್ಯವೇ ಇಲ್ಲ ಅನ್ನೋದೂ ಪೂರ್ತಿ ಒಪ್ಪೋ ಮಾತಲ್ಲ ಅಜ್ಜಾರೇ. ವಿಠ್ಠಲನ ಮಂಟಪದ ಕಂಬ ನೋಡಿ. ಒಂದೇ ಕಲ್ಲಿನಲ್ಲಿ ನಡುವೆ ದಪ್ಪ ಕಂಬ, ಸುತ್ತ ಕೋಲಿನಂಥ ಸಣ್ಣ ಕಂಬಗಳು, ನಡುವೆ ಬೆಳಕು ತೂರುತ್ತೆ.

ಅಜ್ಜ: ಅದು ಹಟಕ್ಕೆ ಬಿದ್ದು ಮಾಡಿದ್ದು. ರಾಜನ ದುಡ್ಡು ಇದ್ದಾಗ ಮಾಡೋ ಕೆಲಸ. ಸಣ್ಣ ಕಂಬ ಒಂದು ಮುರಿದ್ರೆ ಇಡೀ ಕಲ್ಲು ದಂಡ, ಅಂಟಿಸೋ ಮಾತೇ ಇಲ್ಲ. ಬಡಿದ್ರೆ ಸಣ್ಣ ಕಂಬ ನುಡಿತಾವೆ, ಅದಕ್ಕೆ ಒಳಗೆ ಟೊಳ್ಳೈತಿ ಅಂತಾರೆ ಜನ. ಟೊಳ್ಳಲ್ಲ ಗಿಳ್ಳಲ್ಲ, ಗಟ್ಟಿ ಕಲ್ಲೇ. ಉದ್ದ, ದಪ್ಪ ಹೆಚ್ಚು ಕಮ್ಮಿ ಆದಂಗೆ ದನಿ ಬೇರೆ. ಬಡಿದು ಬಡಿದು ಹಾಳು ಮಾಡಿದ್ರು, ಈಗ ಮುಟ್ಟಂಗಿಲ್ಲ ಅಂತ ಕಾವಲು ಇಟ್ಟಿದ್ದು ಒಳ್ಳೇದಾತು.

ಗೈಡ್: ಅದರ ಎದುರಿನ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲೆ ಬಂದ ಮೇಲೆ ನಮಗೆ ಕೆಲಸ ಜಾಸ್ತಿ. ಎಲ್ಲರಿಗೂ ನೋಟು ಹಿಡಿದು ಫೋಟೋ ಬೇಕು. ಅದು ಒಂದೇ ಕಲ್ಲಲ್ಲ, ಜೋಡಿಸಿದ್ದು ಅಂದರೆ ಬೇಜಾರು ಮಾಡ್ಕೊಳ್ತಾರೆ.

ಅಜ್ಜ: ಬೇಜಾರು ಯಾಕೆ? ಸಂದು ಕಾಣದಂಗೆ ಜೋಡಿಸೋದು ಒಂದೇ ಬಂಡೆ ಕೆತ್ತೋದಕ್ಕಿಂತ ಕಷ್ಟ. ಮುಂದಿನ ಆನೆ ಬೇರೆ ಎಲ್ಲಿಂದಲೋ ತಂದು ಇಟ್ಟಿದ್ದು. ಅವುಗಳ ಹಿಂದೆ ಬಗ್ಗಿ ನೋಡು, ಮೊದಲಿದ್ದ ಕುದುರೆಯ ಬಾಲ, ಹಿಂಗಾಲಿನ ಗುರುತು ಇನ್ನೂ ಅದಾವೆ.

ಗೈಡ್: ನೋಡಿದ್ದೀನಿ. ಗ್ರೀನ್‌ಲಾ ಅನ್ನೋ ಇಂಗ್ಲಿಷ್ ಸೈನ್ಯಾಧಿಕಾರಿ 1856ರಲ್ಲಿ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಈಗ ಇಲ್ಲ. ಇಟ್ಟಿಗೆ, ಗಾರೆ ಅಂದಾಗ ನನಗನಿಸೋದು, ಈ ಕಲ್ಲಿನಲ್ಲಿ ಆಗದ ನಯವನ್ನ ಅವರು ಗಾರೆಯಲ್ಲಿ ತೀರಿಸಿಕೊಂಡರು. ಗೋಪುರಗಳ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ, ಅದರ ಮೈ ತುಂಬ ಗಾರೆ ಗೊಂಬೆ, ಬಣ್ಣ.

ಅಜ್ಜ: ಬುದ್ಧಿವಂತರ ಲಕ್ಷಣ ಅದು. ಎತ್ತರದಲ್ಲಿರೋ ಗೊಂಬೆಯ ಮೂಗಿಗೆ ಕಲ್ಲು ಕೆತ್ತಿ ಸಾಯೋದ್ಯಾಕೆ? ಬೆಲ್ಲದ ನೀರು ಹಾಕಿ ಅರೆದ ಸುಣ್ಣ ಒಂದು ಹಿಡಿ ಸಾಕು.

ಗೈಡ್: ಮೂರ್ತಿಗೆ ಬರೋಣ. ಇವತ್ತು ನೀವು ಹಿಡಿದಿರೋ ಆಂಜನೇಯನಿಗೆ ಅಳತೆ ಹೆಂಗೆ ಹಾಕ್ತೀರಿ? ಶಿಲ್ಪಶಾಸ್ತ್ರದಲ್ಲಿ ಅಂಗುಲ, ತಾಲ ಅಂತ ಬರುತ್ತೆ. ಅಂಗುಲ ಅಂದರೆ ಯಾರ ಬೆರಳು, ಶಿಲ್ಪಿಯದಾ, ಮಾಡಿಸಿದ ಯಜಮಾನನದಾ?

ಅಜ್ಜ: ಮೂರ್ತಿದೇ ಬೆರಳು. ನಿಲ್ಲೋ ಮೂರ್ತಿ ಎಷ್ಟೆತ್ತರ ಅಂತ ಮೊದಲು ಗೊತ್ತಾಗಬೇಕು. ನವತಾಲ ಅಂದ್ರೆ ಆ ಎತ್ತರನ 108 ಪಾಲು ಮಾಡಬೇಕು. ಒಂದು ಪಾಲು ಆ ಮೂರ್ತಿಯ ಅಂಗುಲ. ಹನ್ನೆರಡು ಅಂಗುಲಕ್ಕೆ ಒಂದು ತಾಲ, ಗದ್ದದಿಂದ ಹಣೆ ಮೇಲಿನ ಕೂದಲ ಅಂಚಿಗೆ ಮುಖ ಅಷ್ಟು. ದೊಡ್ಡ ದೇವರಿಗೆ ಉತ್ತಮ ದಶತಾಲ, 124 ಪಾಲು. ಗೇಣುದ್ದದ ಮೂರ್ತಿ ಇರಲಿ, ಗುಡಿಯೆತ್ತರದ್ದಿರಲಿ, ಲೆಕ್ಕ ಕೆಡಲ್ಲ. ತಾಳೆಗರಿನ ಎತ್ತರಕ್ಕೆ ಕತ್ತರಿಸಿ ಮಡಚಿ ಮಡಚಿ ಗುರುತು ಹಾಕಿದ್ರೆ ಅದೇ ಅಳತೆಕೋಲು.

ಗೈಡ್: ಗುರುತು ಹಾಕಿದ ಮೇಲೆ?

ಅಜ್ಜ: ಅಲ್ಲೇ ಹೊಸಬರು ಸೋಲೋದು. ಕಾಗದದ ಮೇಲೆ ಗೀಟು ಎಳೆದ್ರೆ ಉಳಿತೈತಿ. ಕಲ್ಲಿನ ಮೇಲೆ ಎಳೆದ ಗೀಟು ಮೊದಲ ಉಳಿ ಏಟಿಗೇ ಹೋಗ್ತೈತಿ. ಗೀಟಿರೋದು ಮೇಲ್ಮೈಲಿ, ಮೂಗಿರೋದು ಒಳಗೆ. ಅದಕ್ಕೆ ನಟ್ಟನಡುವೆ ಬ್ರಹ್ಮಸೂತ್ರ, ನೆತ್ತಿಯಿಂದ ಪಾದಕ್ಕೆ ತೂಕದ ಗುಂಡು ಬಿಟ್ಟ ದಾರ. ಒಂದು ಪದರ ಇಳಿಸು, ಮತ್ತೆ ದಾರ ಬಿಡು, ಮತ್ತೆ ಕೆಮ್ಮಣ್ಣಿನಲ್ಲಿ ಗುರುತು ಹಾಕು. ಒಂದು ಮೂರ್ತಿಗೆ ಅದೇ ಗೀಟನ್ನ ಎಷ್ಟು ಸಲ ಎಳೀತೀವಿ ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಮೊದಲು ಮುಂದಕ್ಕೆ ಚಾಚಿದ್ದೆಲ್ಲ ಗೊತ್ತು ಮಾಡ್ಕೋಬೇಕು. ಮೂಗಿನ ತುದಿ, ಮೊಣಕಾಲು, ಕೈಯ ಗದೆ. ಅಲ್ಲಿ ಕಲ್ಲು ಬಿಟ್ಟು ಉಳಿದ ಕಡೆ ಇಳೀಬೇಕು. ಕೈಗೂ ಮೈಗೂ ನಡುವೆ ಕಲ್ಲಿನ ಗೋಡೆ ಕಡೆತನಕ ತೆಗೆಯಂಗಿಲ್ಲ. ಎಷ್ಟೋ ಮೂರ್ತಿಲಿ ತೆಗೆಯೋದೇ ಇಲ್ಲ, ಅದೇ ಆಧಾರ.

ಗೈಡ್: ಉಗ್ರನರಸಿಂಹನ ಹತ್ತಿರ ನಾನು ತೋರಿಸೋದು ಅದನ್ನೇ. 1528ರದ್ದು, 6.7 ಮೀಟರ್ ಎತ್ತರ, ಒಂದೇ ಬಂಡೆ. ಜನ ಕಣ್ಣು, ಕೋರೆಹಲ್ಲು ನೋಡ್ತಾರೆ. ನಾನು ಪಕ್ಕಕ್ಕೆ ಕರೆದು ಬೆನ್ನ ಕಡೆ ತೋರಿಸ್ತೀನಿ. ತೊಡೆ ಮೇಲಿದ್ದ ಲಕ್ಷ್ಮಿ ಹೋದಳು, ಅವಳ ಕೈ ಮಾತ್ರ ಅವನ ಸೊಂಟ ಬಳಸಿಕೊಂಡು ಉಳಿದಿದೆ. ಒಂದೇ ಕಲ್ಲಿನಲ್ಲಿ ಬಿಡಿಸಿದ್ದಕ್ಕೇ ಉಳಿದಿದ್ದು, ಅಲ್ವಾ?

ಅಜ್ಜ: ಹೌದು, ಮೈಗೆ ಅಂಟಿದ ಕೈ ಅದು. ಗಾಳಿಲಿ ನಿಂತ ಕೈ ಆಗಿದ್ರೆ ಮೊದಲ ಏಟಿಗೇ ಹೋಗಿರೋದು. ಆ ಕೈಯ ಬೆರಳು ನೋಡು, ಉಗುರು ಕೂಡ ಬಿಡಿಸಿದಾನೆ ಪುಣ್ಯಾತ್ಮ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಗೈಡ್: ಹೊಯ್ಸಳರ ಕಾಲದ ಮಲ್ಲಿತಮ್ಮ, ದಾಸೋಜ ಇವರೆಲ್ಲ ಮೂರ್ತಿ ಕೆಳಗೆ ಹೆಸರು ಕೆತ್ತಿದ್ದಾರೆ. ಇಲ್ಲಿ ಅಂಥ ರುಜು ಅಪರೂಪ. ಆದರೆ ದಿಬ್ಬದ ಹತ್ತಿರದ ಮೆಟ್ಟಿಲ ಪುಷ್ಕರಣಿಯಲ್ಲಿ ಅಕ್ಷರ ಇದಾವೆ. 1980ರ ದಶಕದಲ್ಲಿ ಅಗೆದು ತೆಗೆದದ್ದು. ಒಂದೊಂದು ಕಲ್ಲಿನ ಮೇಲೂ ಕನ್ನಡದಲ್ಲಿ ದಿಕ್ಕು, ಸಾಲು, ಎಷ್ಟನೇ ಕಲ್ಲು ಅಂತ ಗುರುತು.

ಅಜ್ಜ: ನನಗೆ ಇಡೀ ಹಂಪಿಯಲ್ಲಿ ಬಾಳ ಇಷ್ಟ ಆಗೋದು ಅದೇ. ದೇವರಿಗಲ್ಲ, ರಾಜನಿಗಲ್ಲ, ಕೆಲಸದವನು ಕೆಲಸದವನಿಗೆ ಬರೆದದ್ದು. ಕಲ್ಲು ಒಂದು ಕಡೆ ಕಡೆದು, ಗುರುತು ಹಾಕಿ ಇಲ್ಲಿಗೆ ಹೊತ್ತು ತಂದಾರೆ. ಓದ್ಕೊಂಡು ಜೋಡಿಸೋದಷ್ಟೇ. ಜೋಡಿಸೋನಿಗೆ ಅಕ್ಷರ ಗೊತ್ತಿತ್ತು ಅಂತಾತಲ್ಲ? ಅದರ ಹತ್ತಿರವೇ ಕಲ್ಲಿನ ಬಾಗಿಲು ಬಿದ್ದಾವೆ, ಮರದ ಬಾಗಿಲಿನ ಪಟ್ಟಿ, ಮೊಳೆ ತಲೆ ಎಲ್ಲಾ ಕಲ್ಲಲ್ಲೇ ಕಡೆದಿದ್ದು. ಕಲ್ಲಿಗೆ ಮೊಳೆ ಯಾಕೆ ಬೇಕು ಹೇಳು! ಬಡಿಗನನ್ನ ಛೇಡಿಸೋಕೆ ಮಾಡಿರಬೇಕು ಅಂತ ನಾನು ನಗ್ತಿರ್ತೀನಿ.

ಗೈಡ್: ಕಡೆಗೆ ಕಣ್ಣು ಬಿಡಿಸೋದಕ್ಕೆ ಬಂಗಾರದ ಉಳಿಯಂತೆ? ಅಯೋಧ್ಯೆಯ ಬಾಲರಾಮನಿಗೆ ಮೈಸೂರಿನ ಅರುಣ್ ಯೋಗಿರಾಜ್ ಬಂಗಾರದ ಉಳಿ, ಬೆಳ್ಳಿ ಸುತ್ತಿಗೆ ಬಳಸಿದ್ದು 2024ರಲ್ಲಿ ಎಲ್ಲಾ ಪೇಪರಿನಲ್ಲೂ ಬಂದಿತ್ತು.

ಅಜ್ಜ: ಶಾಸ್ತ್ರ ಅದು, ಮಾಡಲೇಬೇಕು, ನಾನೂ ಮಾಡೀನಿ. ಆದ್ರೆ ಬಂಗಾರ ಮೆತ್ತನೆ ಲೋಹ, ಕಲ್ಲಿಗೆ ಏನು ಮಾಡ್ತೈತಿ? ರೆಪ್ಪೆ, ಗುಡ್ಡೆ ಎಲ್ಲಾ ಕಬ್ಬಿಣದ ಸಣ್ಣ ಚಾಣ ಮೊದಲೇ ಮುಗಿಸಿರ್ತೈತಿ. ಬಂಗಾರ ಬಂದು ಮುಟ್ಟಿ ಹೆಸರು ತಗೊಂತೈತಿ.

ಗೈಡ್: ಮತ್ತೆ ಕಮ್ಮಾರನ ಪಾಲು ಹೋಯ್ತು! ಅಲ್ಲ, ನಿಮ್ಮ ಶೆಡ್ಡಿನಲ್ಲೇ ಈಗ ಕುಲುಮೆ ತಣ್ಣಗಿದೆಯಲ್ಲ ಅಜ್ಜಾರೇ.

ಅಜ್ಜ: ಕಾರ್ಬೈಡ್ ಮೊನೆ ಉಳಿ ಬಂತಲ್ಲ. ಹೊಸಪೇಟೆ ಅಂಗಡಿಲಿ ಸಿಗ್ತೈತಿ, ವಾರಗಟ್ಟಲೆ ಮೊಂಡಾಗಲ್ಲ. ನಾನೇನು ಅತ್ತಿಲ್ಲ, ನಾನೇ ಮೊದಲು ತಂದೋನು. ಮೊಮ್ಮಗನಿಗೆ ಗ್ರೈಂಡರ್ ಕೊಡಿಸಿದೋನೂ ನಾನೇ. ವಜ್ರದ ಪುಡಿ ಹಾಕಿದ ಬಿಲ್ಲೆ, ನಾನು ತಿಂಗಳು ಹಿಡೀತಿದ್ದ ಒರಟು ಕೆಲಸ ಅವನು ನಾಲ್ಕು ದಿನಕ್ಕೆ ತೆಗೀತಾನೆ. ಕಲ್ಲೂ ಈಗ ಹೊರಗಿಂದ ಲಾರಿಲಿ ಬರ್ತೈತಿ, ಇಲ್ಲಿನ ಬಂಡೆಗೆ ಕೈ ಹಚ್ಚಂಗಿಲ್ಲ. ಒಂದೇ ತೊಂದರೆ, ಅಂಗಡಿ ಉಳಿಗೆ ಬಾಯಿ ಮೂರೋ ನಾಲ್ಕೋ ನಮೂನೆ. ಮೂಗಿನ ಹೊಳ್ಳೆ ಒಳಗೆ ತಿರುಗೋಕೆ ಡೊಂಕು ಮೊನೆ ಬೇಕು ಅಂದ್ರೆ ಅಂಗಡಿಯವನು ನನ್ನ ಮುಖ ನೋಡ್ತಾನೆ. ಅದಕ್ಕೆ ಅಗೋ, ಆ ಡಬ್ಬಿಲಿ ಹಳೇ ಉಕ್ಕಿನ ಉಳಿ ಇಟ್ಕೊಂಡೀನಿ. ಅವಕ್ಕೋಸ್ಕರ ಆಗೊಮ್ಮೆ ಈಗೊಮ್ಮೆ ಇದ್ದಿಲು ಹಚ್ತೀನಿ.

ಗೈಡ್: ನನಗೆ ಚಿಂತೆ ಉಳಿಯದ್ದಲ್ಲ, ಧೂಳಿನದು. ಉಳಿಯಲ್ಲಿ ಜಜ್ಜಿದರೆ ಬೀಳೋದು ಹೆಚ್ಚಾಗಿ ದಪ್ಪ ಪುಡಿ. ಗ್ರೈಂಡರ್ ಎಬ್ಬಿಸೋದು ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಧೂಳು. ಅದು ಶ್ವಾಸಕೋಶದ ಒಳಗೆ ಹೋಗಿ ಕೂತರೆ ಹೊರಗೆ ಬರಲ್ಲ, ಸಿಲಿಕೋಸಿಸ್ ಅಂತಾರೆ, ಅದನ್ನ ವಾಸಿ ಮಾಡೋ ಔಷಧಿ ಇಲ್ಲ. ನಿಮ್ಮ ಮೊಮ್ಮಗ ಮೂಗಿಗೆ ಟವೆಲ್ಲು ಸುತ್ತಿಕೊಂಡು ಕೂತಿರ್ತಾನೆ. ಅದರಿಂದ ಏನೂ ಉಪಯೋಗ ಇಲ್ಲ. ಬಿಲ್ಲೆಗೆ ನೀರು ಬಿಟ್ಟುಕೊಂಡು ಕೊಯ್ಯಬೇಕು, ಒಳ್ಳೇ ಮಾಸ್ಕು ಹಾಕಬೇಕು.

ಅಜ್ಜ: ನೀರು ಬಿಟ್ರೆ ಗೀಟು ಅಳಿಸ್ತೈತಿ ಅಂತಾನೆ. ಮಾಸ್ಕು ಹಾಕಿದ್ರೆ ಕಲ್ಲಿನ ದನಿ ಕೇಳಲ್ಲ ತಾತ ಅಂತಾನೆ. ಆ ಮಷೀನಿನ ಗದ್ದಲದಾಗೆ ಎಂಥ ದನಿಯೋ, ಅದೂ ಮೂಗಿನಲ್ಲಿ ಕೇಳ್ತೈತೇನೋ ಅಂದೆ.

ಗೈಡ್: ನಾಳೆ ಹೊಸಪೇಟೆಗೆ ಹೋಗ್ತಿದ್ದೀನಿ. ಫಿಲ್ಟರ್ ಇರೋದು ತಂದುಕೊಡ್ತೀನಿ.

ಅಜ್ಜ: ಎರಡು ತಾ. ಒಂದು ಕಳೀತೀನಿ ಅಂತ ಅವನು ಈಗಲೇ ಮನಸ್ಸು ಮಾಡಿರ್ತಾನೆ.